ಇಂದಿನ ತುರ್ಕರಿಗೆ ತಮ್ಮ ಮುತ್ತಜ್ಜನ ಸಮಾಧಿಯ ಮೇಲಿನ ಬರಹವನ್ನು ಓದಲು ಏಕೆ ಬರುವುದಿಲ್ಲ?

1928ರ ನವೆಂಬರ್ 1ರಂದು ತುರ್ಕಿಯ ಸಂಸತ್ತು ಅರಬ್ಬಿ ಲಿಪಿಯನ್ನು ಕೈಬಿಟ್ಟು ಲ್ಯಾಟಿನ್ ಲಿಪಿಯನ್ನು ಜಾರಿಗೆ ತಂದದ್ದೇ ಇದಕ್ಕೆ ಮೂಲ ಕಾರಣ. ತುರ್ಕಿ ಭಾಷೆಯ ಎಂಟು ಸ್ವರಗಳನ್ನು ಬೇರೆಬೇರೆಯಾಗಿ ತೋರಿಸಲು ಅರಬ್ಬಿ ಅಕ್ಷರಗಳು ಸಾಲುತ್ತಿರಲಿಲ್ಲ. ‘ಒನ್’ (ಹತ್ತು), ‘ಉನ್’ (ಹಿಟ್ಟು) ಎರಡನ್ನೂ ಒಂದೇ ರೀತಿ ಬರೆಯಬೇಕಾಗಿತ್ತು. ಆದರೆ ಕಲಿಕೆಯ ಸೌಕರ್ಯಕ್ಕಿಂತಲೂ ಒಟ್ಟೋಮನ್ ಗತಕಾಲದಿಂದ ಬಿಡಿಸಿಕೊಳ್ಳುವ ಹಟವೇ ಇದರಲ್ಲಿ ಹೆಚ್ಚಾಗಿತ್ತೆಂದು ನನಗೆ ತೋರುತ್ತದೆ. ಏಕೆಂದರೆ ಬದಲಾವಣೆ ಲಿಪಿಗೇ ನಿಲ್ಲಲಿಲ್ಲ: 1932ರಲ್ಲಿ ಸ್ಥಾಪನೆಯಾದ ಭಾಷಾ ಸಂಸ್ಥೆಯು ಅರಬ್ಬಿ, ಪರ್ಷಿಯನ್ ಪದಗಳನ್ನು ಹೊರಹಾಕುತ್ತ ಹೋಯಿತು, ಶಾಲೆಗಿದ್ದ ‘ಮೆಕ್ತೆಪ್’ ಎಂಬ ಪದದ ಜಾಗಕ್ಕೆ ‘ಒಕುಲ್’ ಬಂದಿತು. ಹೀಗಾಗಿ ಹಳೆಯ ಲಿಪಿಯನ್ನು ಕಲಿತವರಿಗೂ ಅರ್ಥ ಪೂರ್ತಿ ದಕ್ಕುವುದಿಲ್ಲ. ಈ ಸುಧಾರಣೆಯ ರೂವಾರಿ ಮುಸ್ತಫಾ ಕೆಮಾಲ್ ಅವರು 1927ರಲ್ಲಿ ಮಾಡಿದ ಸುದೀರ್ಘ ಭಾಷಣವನ್ನೇ ಮುಂದಿನ ತಲೆಮಾರುಗಳಿಗಾಗಿ ಸರಳ ತುರ್ಕಿಗೆ ಹೊರಳಿಸಬೇಕಾಯಿತು.