ಫೋನಲ್ಲೇ ಎಲ್ಲ ಸಿಗೋವಾಗ ಮಕ್ಕಳನ್ನ ಲೈಬ್ರರಿಗೆ ಯಾಕೆ ಕಳಿಸ್ಬೇಕು?

ಕುಮಟಾ ಹತ್ರದ ಹಳ್ಳಿ, ಮಗಳಿಗೆ ಓದೋ ಹುಚ್ಚು, ಪುಸ್ತಕ ಎಲ್ಲಾ ಫೋನಲ್ಲೇ ಸಿಗೋವಾಗ ಲೈಬ್ರರಿ ಬೇಕಾ ಅಂತ ಕೇಳಿದೀರಿ. ಎಲ್ಲಾ ಸಿಗಲ್ಲ, ಅಲ್ಲೇ ಇರೋದು ವಿಷಯ. ನಾನು ಶಿರಸಿ ಬದಿಯವಳು, ಫೋನಲ್ಲೂ ಓದ್ತೀನಿ, ಲೈಬ್ರರಿಗೂ ಹೋಗ್ತೀನಿ, ಲೈಬ್ರರೀಲಿ ಸಿಗೋ ಎಷ್ಟೋ ಪುಸ್ತಕ ಫೋನಲ್ಲಿ ಸಿಗಲ್ಲ.

ಮುಖ್ಯ ಕಾರಣ ಕಾಪಿರೈಟ್. ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಮನೆಯವರದ್ದೋ ಪ್ರಕಾಶಕರದ್ದೋ ಆಗಿರುತ್ತೆ. ಪಂಜೆ ಮಂಗೇಶರಾಯರು ಹೋಗಿದ್ದು 1937ರಲ್ಲಿ, ಅವರದ್ದನ್ನ ಯಾರು ಬೇಕಾದ್ರೂ ನೆಟ್ಟಿಗೆ ಹಾಕಬಹುದು. ನಮ್ಮ ಅಂಕೋಲೆಯ ದಿನಕರ ದೇಸಾಯರು 1982ರಲ್ಲಿ ಹೋದವರು, ಅವರ ಚುಟುಕಗಳನ್ನ 2042 ಮುಗಿಯೋ ತನಕ ಕೇಳದೆ ಹಾಕೋ ಹಾಗಿಲ್ಲ. ಹಾಗಾಗಿ ತೀರಾ ಹಳೇದು ನೆಟ್ಟಲ್ಲಿ ಪುಕ್ಕಟೆ, ಹೊಸದು ದುಡ್ಡು ಕೊಟ್ರೆ ಇ-ಬುಕ್ಕು, ನಡುವಿನ ಐವತ್ತು ಅರವತ್ತು ವರ್ಷದ್ದು, ಮತ್ತೆ ಅಚ್ಚಾಗದೇ ಉಳಿದಿದ್ದು, ನಮ್ಮ ಜಿಲ್ಲೆಯ ಸಣ್ಣ ಪ್ರೆಸ್ಸಲ್ಲಿ ಕೆಲವೇ ಪ್ರತಿ ಹಾಕ್ಸಿ ಖಾಲಿಯಾಗಿದ್ದು, ಅದೆಲ್ಲ ಇದ್ರೆ ಯಾವುದಾದ್ರೂ ಲೈಬ್ರರಿಯ ಕಪಾಟಲ್ಲೇ.

ಹಾಗಂತ ಮಗಳ ಕೈಯಿಂದ ಫೋನ್ ಕಸಿದುಕೊಳ್ಳಬೇಡಿ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದವರು ಸ್ಕ್ಯಾನ್ ಮಾಡಿದ ಕನ್ನಡ ಪುಸ್ತಕ ರಾಶಿ ರಾಶಿ ಇಂಟರ್ನೆಟ್ ಆರ್ಕೈವ್ ಅನ್ನೋ ಪುಕ್ಕಟೆ ವೆಬ್‌ಸೈಟಲ್ಲಿ ಇದೆ. ಹೆಸರುಗಳು ಇಂಗ್ಲಿಷ್ ಅಕ್ಷರದಲ್ಲಿ, ಸ್ಪೆಲ್ಲಿಂಗ್ ಒಂದೊಂದು ಕಡೆ ಒಂದೊಂದು ಥರ, ಅದಕ್ಕೆ ಒಂದೇ ಸಲಕ್ಕೆ ಸಿಗಲಿಲ್ಲ ಅಂತ ಬಿಡಬಾರದು, ಬೇರೆ ಬೇರೆ ಥರ ಟೈಪ್ ಮಾಡಿ ನೋಡ್ಬೇಕು.

ಹಾಗೇ ಒಂದು ಹಳೇ ಪ್ರವಾಸ ಕಥನ ಸಿಕ್ತು ನಂಗೆ, ಕಾರವಾರದ ಕಾಳಿ ನದಿ ದಾಟೋ ಭಾಗ ಬಂತು, ನೋಡಿದ್ರೆ ಪುಟದ ಮೂಲೇಲಿ ಸ್ಕ್ಯಾನ್ ಮಾಡಿದವರ ಹೆಬ್ಬೆರಳು, ಅದರಡಿ ಮೂರು ಸಾಲು ಮಾಯ, ಮುಂದಿನ ಪುಟವೇ ಇಲ್ಲ! ಆಮೇಲೆ ಅದೇ ಪುಸ್ತಕ ಲೈಬ್ರರಿಯ ಕೆಳಗಿನ ಕಪಾಟಲ್ಲಿ ಕಣ್ಣಿಗೆ ಬಿತ್ತು. ಬೆನ್ನು ಬಿಟ್ಟಿದ್ದನ್ನ ಯಾರೋ ದಾರ ಹಾಕಿ ಹೊಲಿದಿದ್ರು, ಮಳೆಗಾಲದ ಬೂಷ್ಟಿನ ವಾಸನೆ ಬೇರೆ, ಆದ್ರೆ ಪುಟ ಪೂರ್ತಿ ಇತ್ತು. ತಾರಿಯಲ್ಲಿ, ಅಂದ್ರೆ ದೋಣೀಲಿ, ನದಿ ದಾಟೋ ಸಾಲಿನ ಪಕ್ಕ ಪೆನ್ಸಿಲ್ಲಲ್ಲಿ "ಈಗ ಸೇತುವೆ ಆಗಿದೆ" ಅಂತ ಯಾರೋ ಬರೆದಿದ್ರು. (ಆ ಹಳೇ ಸೇತುವೆಯೂ 2024ರ ಆಗಸ್ಟಲ್ಲಿ ಕುಸಿದು ಹೋಯ್ತು.) ಎಷ್ಟು ಖುಷಿಯಾಯ್ತು ಅಂದ್ರೆ ಅಲ್ಲೇ ನಿಂತು ಆ ಅಧ್ಯಾಯ ಮುಗಿಸಿದೆ.

ನಮ್ಮ ಮಳೆಗೆ, ಒರಲೆಗೆ ಪುಸ್ತಕ ಬೇಗ ಹಾಳಾಗುತ್ತೆ, ಯಾರೂ ತೆಗೆದು ಓದದೇ ಇದ್ರೆ ಇನ್ನೂ ಬೇಗ. ಅದಕ್ಕೂ ಮಕ್ಕಳು ಹೋಗ್ಬೇಕು ಅಂತೀನಿ. ದುಡ್ಡಿನ ಚಿಂತೆನೂ ಇಲ್ಲ, 1965ರ ಕಾಯ್ದೆ ಪ್ರಕಾರ ಕಟ್ಟಡ ತೆರಿಗೆ ಜೊತೆ ಗ್ರಂಥಾಲಯ ಕರ ಅಂತ ನಾವೇ ಕಟ್ತಾ ಇದೀವಿ. ಪಂಚಾಯ್ತಿ ಲೈಬ್ರರಿಗಳಿಗೆ ಈಗ ಅರಿವು ಕೇಂದ್ರ ಅಂತಾರೆ, 2020ರಲ್ಲಿ ಶುರುವಾದ ಓದುವ ಬೆಳಕು ಕಾರ್ಯಕ್ರಮದಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ ಮಾಡಿದ್ರು. ನಿಮ್ಮಲ್ಲಿ ಎಷ್ಟೊತ್ತಿಗೆ ಬಾಗಿಲು ತೆಗೀತಾರೆ ಕೇಳ್ಕೊಂಡು ಮಗಳನ್ನ ಕರ್ಕೊಂಡು ಹೋಗಿ, ಅವಳಿಗೆ ಬೇಕಾದ ಪುಸ್ತಕ ಇಲ್ಲ ಅಂದ್ರೆ ಹೆಸರು ಬರೆದು ಕೊಟ್ಟು ಬನ್ನಿ.