ಮಗಳು ಹೋಂವರ್ಕ್ ಎಲ್ಲ ಎಐ ಕೇಳಿ ಮಾಡುತ್ತಾಳೆ, ಫೋನ್ ಕಿತ್ತಿಡಬೇಕಾ?

ಮಗಳು ಹತ್ತನೇ ಕ್ಲಾಸು, ನೋಟ್‌ಬುಕ್ ನೋಡಿದರೆ ಲೆಕ್ಕಗಳೆಲ್ಲ ಸರಿ, ಟೆಸ್ಟ್‌ನಲ್ಲಿ ಮಾತ್ರ ಮಾರ್ಕ್ಸ್ ಬೀಳುತ್ತಿದೆ ಅಂತ ಬರೆದಿದ್ದೀರಿ. ನಾನು ಮಂಡ್ಯದಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಗಣಿತ ಟ್ಯೂಷನ್ ಮಾಡುತ್ತೇನೆ. ಫೋನ್ ಕಿತ್ತಿಡಬೇಡಿ. ಅವಳು ಯಾವಾಗ ಎಐಯನ್ನು ಕೇಳುತ್ತಾಳೆ ಅನ್ನೋದನ್ನು ಗಮನಿಸಿ.

ಪಠ್ಯಪುಸ್ತಕದಲ್ಲೇ ಇರುವ ಒಂದು ಲೆಕ್ಕ ತಗೊಳ್ಳಿ. ರೈಲು ಒಂದೇ ವೇಗದಲ್ಲಿ 360 ಕಿ.ಮೀ. ಹೋಗುತ್ತದೆ. ವೇಗ ಗಂಟೆಗೆ 5 ಕಿ.ಮೀ. ಜಾಸ್ತಿ ಇದ್ದಿದ್ದರೆ 1 ಗಂಟೆ ಮೊದಲೇ ತಲುಪುತ್ತಿತ್ತು. ವೇಗ ಎಷ್ಟು? ಫೋಟೊ ತೆಗೆದು ಎಐಗೆ ಹಾಕಿದರೆ ತಕ್ಷಣ ಉತ್ತರ ಬರುತ್ತದೆ, ಗಂಟೆಗೆ 40 ಕಿ.ಮೀ. ಹಂತ ಹಂತವಾಗಿ ಬಿಡಿಸಿಯೂ ಇರುತ್ತದೆ. ಓದಿದರೆ ಮಕ್ಕಳಿಗೆ ಪ್ರತಿ ಸಾಲೂ ನಿಜವಾಗಿಯೇ ಅರ್ಥವಾಗುತ್ತದೆ.

ಆದರೆ ಈ ಲೆಕ್ಕದ ಕಷ್ಟವೆಲ್ಲ ಇರುವುದು ಮೊದಲ ಸಾಲಿನಲ್ಲಿ. ಗೊತ್ತಿಲ್ಲದ ವೇಗವನ್ನು ಎಕ್ಸ್ ಅಂತ ಇಟ್ಟುಕೊಳ್ಳಬೇಕು. 360ನ್ನು ಎಕ್ಸ್‌ನಿಂದ ಭಾಗಿಸಿದರೆ ಒಂದು ಸಮಯ, ಎಕ್ಸ್‌ಗೆ 5 ಕೂಡಿಸಿ ಭಾಗಿಸಿದರೆ ಇನ್ನೊಂದು ಸಮಯ, ಎರಡಕ್ಕೂ ವ್ಯತ್ಯಾಸ 1 ಗಂಟೆ. ಇಷ್ಟು ಹೊಳೆದರೆ ಮಿಕ್ಕಿದ್ದು ಮಾಮೂಲಿ ವರ್ಗ ಸಮೀಕರಣ. ಹೊಳೆಯುವ ಮುಂಚೆ ಮಕ್ಕಳು ಪೆನ್ನು ಕಚ್ಚುತ್ತಾರೆ, ಸುಮ್ನೆ 360ಕ್ಕೆ 5 ಕೂಡಿಸುತ್ತಾರೆ, ಹೊಡೆದುಹಾಕುತ್ತಾರೆ, ಲೆಕ್ಕವನ್ನು ಮತ್ತೆ ಓದುತ್ತಾರೆ. ನೋಡುವವರಿಗೆ ಟೈಮ್ ವೇಸ್ಟ್ ಅನ್ನಿಸುತ್ತದೆ. ಗಣಿತ ತಲೆಗೆ ಹತ್ತುವುದು ಆ ಹೊತ್ತಿನಲ್ಲೇ. ಎಐ ಕೈಗೆ ಕೊಟ್ಟುಬಿಡುವುದು ಆ ಮೊದಲ ಸಾಲನ್ನೇ. ಟೆಸ್ಟ್‌ನಲ್ಲಿ ಅದನ್ನು ಕೊಡುವವರು ಯಾರೂ ಇಲ್ಲವಲ್ಲ.

ಟರ್ಕಿಯ ಹೈಸ್ಕೂಲ್ ಮಕ್ಕಳ ಮೇಲೆ ಇದನ್ನೇ ಪರೀಕ್ಷೆ ಮಾಡಿ ನೋಡಿದ್ದಾರೆ, ಸುಮಾರು 1000 ಮಕ್ಕಳು. ಕೇಳಿದ್ದನ್ನೆಲ್ಲ ಹೇಳುವ ಎಐ ಸಿಕ್ಕಿದವರು ಅಭ್ಯಾಸದಲ್ಲಿ ಶೇ. 48ರಷ್ಟು ಮುಂದಿದ್ದರು. ಅದನ್ನು ತೆಗೆದು ಪರೀಕ್ಷೆ ಕೊಟ್ಟಾಗ, ಎಐ ಮುಟ್ಟದೇ ಇದ್ದವರಿಗಿಂತ ಶೇ. 17ರಷ್ಟು ಹಿಂದೆ ಬಿದ್ದರು. ನಿಮ್ಮ ಮನೆಯ ಕಥೆಯೂ ಇದೇ ಅಲ್ವಾ? ಇನ್ನೊಂದು ಗುಂಪಿಗೆ ಉತ್ತರ ಹೇಳದೆ ಸುಳಿವು ಮಾತ್ರ ಕೊಡುವ ಎಐ ಕೊಟ್ಟಿದ್ದರು. ಅವರಿಗೆ ಈ ನಷ್ಟ ಹೆಚ್ಚುಕಡಿಮೆ ಆಗಲೇ ಇಲ್ಲ. ಕಿತ್ತಿಡಬೇಡಿ ಅಂದಿದ್ದು ಅದಕ್ಕೇ.

ಯೂಟ್ಯೂಬ್ ಪಾಠಗಳೂ ಹಾಗೇ. ಮಳವಳ್ಳಿ ಕಡೆಯ ಹಳ್ಳಿಯ ಹುಡುಗಿಗೂ ಕನ್ನಡದಲ್ಲಿ ಒಳ್ಳೆಯ ಪಾಠ ಸಿಗುತ್ತಿದೆ, ನನಗೆ ಅದು ದೊಡ್ಡ ಸಂತೋಷ. ಆದರೆ ಒಂದೇ ವಿಡಿಯೊವನ್ನು ಮತ್ತೆ ಮತ್ತೆ ನೋಡುವುದಕ್ಕಿಂತ ಒಮ್ಮೆ ನೋಡಿ, ಫೋನ್ ಮಗುಚಿಟ್ಟು, ನೆನಪಿದ್ದಷ್ಟು ಬರೆಯುವುದೇ ಮೇಲು. 2006ರಲ್ಲಿ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರು ಪಾಠ ಓದಿಸಿ ಹೀಗೇ ನೋಡಿದ್ದರು. ಪದೇ ಪದೇ ಓದಿದವರು ಐದು ನಿಮಿಷದ ನಂತರ ಮುಂದಿದ್ದರು. ವಾರ ಕಳೆದ ಮೇಲೆ, ನೋಡದೆ ನೆನಪಿಸಿಕೊಂಡು ಬರೆದವರೇ ಮುಂದೆ.

ಇನ್ನೊಂದು ವಿಷಯ. ಎಐ ತಪ್ಪನ್ನೂ ಸರಿಯಷ್ಟೇ ಧೈರ್ಯವಾಗಿ ಹೇಳುತ್ತದೆ. ನನ್ನ ಹತ್ತಿರ ಬರುವ ಹುಡುಗನೊಬ್ಬ ಕನ್ನಂಬಾಡಿ ಕಟ್ಟೆಯ ಪ್ರಬಂಧದಲ್ಲಿ ಅದನ್ನು ಸಿಮೆಂಟಿನಲ್ಲಿ ಕಟ್ಟಿದರು ಅಂತ ಎಐ ಕೊಟ್ಟ ಹಾಗೇ ಬರೆದಿದ್ದ. ಅದು ಸುರ್ಕಿ ಗಾರೆಯ, ಅಂದರೆ ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿದ ಗಾರೆಯ ಕಟ್ಟೆ. ಮಂಡ್ಯದ ಹುಡುಗನಿಗೇ ಅನುಮಾನ ಬರಲಿಲ್ಲ ಅನ್ನೋದು ನನಗೆ ನಿಜವಾಗಿ ನೋವಾಯಿತು.

ಹಾಗಾಗಿ ಮೊದಲು ರಫ್ ಹಾಳೆಯಲ್ಲಿ ಅವಳೇ ಒದ್ದಾಡಲಿ. ತಪ್ಪಾದರೂ ಏನಾದರೂ ಬರೆದಿರಬೇಕು. ಆಮೇಲೆ ಅದರ ಫೋಟೊ ಹಾಕಿ, “ಉತ್ತರ ಹೇಳಬೇಡ, ನಾನು ಎಲ್ಲಿ ತಪ್ಪಿದ್ದೇನೆ ಅಷ್ಟೇ ಹೇಳು” ಅಂತ ಕೇಳಲಿ. ನಿಮಗೆ ಗಣಿತ ಬರದಿದ್ದರೂ ಪರವಾಗಿಲ್ಲ. ಮೊದಲ ಸಾಲಿನ ಮೇಲೆ ಬೆರಳಿಟ್ಟು “ಇದು ಹೇಗೆ ಬಂತು ಮಗಳೇ?” ಅಂತ ಕೇಳಿ. ಹೇಳಿದರೆ ಮುಂದಿನ ಲೆಕ್ಕಕ್ಕೆ ಹೋಗಲಿ. ತಡವರಿಸಿದರೆ ಅದೇ ಲೆಕ್ಕವನ್ನು ನಾಳೆ ಇನ್ನೊಮ್ಮೆ ಫೋನ್ ಇಲ್ಲದೆ ಮಾಡಿಸಿ.