ಓದುವಾಗ ಕಣ್ಣು ಹಿಂದಕ್ಕೆ ಹೋದರೆ ಅದು ರೋಗವಲ್ಲ

ಕಣ್ಣು ಎಲ್ಲಿ ನೋಡುತ್ತಿದೆ ಅಂತ ಹಿಡಿಯುವ ಕ್ಯಾಮೆರಾ ಇರುವ ಕನ್ನಡಕ ಹಾಕಿಸಿ ಮಕ್ಕಳ ಓದು 'ಚೆಕ್' ಮಾಡುವವರ ಬಗ್ಗೆ ಮತ್ತೆ ಮತ್ತೆ ಅದೇ ಪ್ರಶ್ನೆ ಬರುತ್ತಿದೆ. ಬಿಡಿಬಿಡಿಯಾಗಿ ಉತ್ತರಿಸಿ ಸಾಕಾಗಿದೆ. ಅದಕ್ಕೇ ಈ ಸಲ ಜಾಗದ ಬಹುಪಾಲು ಒಬ್ಬರಿಗೇ ಕೊಟ್ಟಿದ್ದೇನೆ.

ಮಗಳು ಆರನೇ ಕ್ಲಾಸು. ಕನ್ನಡ ಓದುವಾಗ ತುಂಬಾ ತಡವರಿಸುತ್ತಾಳೆ. ಕಲಬುರಗಿಯ ಒಂದು ಸೆಂಟರ್‌ನಲ್ಲಿ ಕನ್ನಡಕದಂಥ ಯಂತ್ರ ಹಾಕಿ ಓದಿಸಿದರು. ಕಂಪ್ಯೂಟರ್‌ನಲ್ಲಿ ಕೆಂಪು ಚುಕ್ಕೆ ಓಡಾಡುವುದನ್ನು ತೋರಿಸಿ, 'ಕಣ್ಣು ಸಾಲು ತಪ್ಪುತ್ತಿದೆ, ಹಿಂದಕ್ಕೆ ಹೋಗುತ್ತಿದೆ, ಮೂರು ತಿಂಗಳು ಕಣ್ಣಿನ ವ್ಯಾಯಾಮ ಮಾಡಿಸಿ' ಅಂದರು. ಸೇರಿಸಬೇಕಾ ಮೇಡಂ? (ಆಳಂದದಿಂದ ಒಬ್ಬ ತಂದೆ)

ಬೇಡ. ದುಡ್ಡು ಕಟ್ಟಿದ್ದರೆ ವಾಪಸ್ ಕೇಳಿ.

ಓದುವಾಗ ಯಾರ ಕಣ್ಣೂ ಸಾಲಿನ ಮೇಲೆ ಒಂದೇ ಸಮನೆ ಜಾರಿಕೊಂಡು ಹೋಗುವುದಿಲ್ಲ. ನೆಗೆಯುತ್ತದೆ, ನಿಲ್ಲುತ್ತದೆ, ಮತ್ತೆ ನೆಗೆಯುತ್ತದೆ. ಪ್ಯಾರಿಸ್ಸಿನ ಕಣ್ಣಿನ ಡಾಕ್ಟರ್ ಎಮಿಲ್ ಜಾವಾಲ್ ಅವರ ಕಾಲದಿಂದ, ಅಂದರೆ 1879ರ ಸುಮಾರಿನಿಂದ, ಇದು ಗೊತ್ತಿರುವ ವಿಷಯ. ಒಂದು ನಿಲುಗಡೆ ಸುಮಾರು ಕಾಲು ಸೆಕೆಂಡು. ಇಂಗ್ಲಿಷ್ ಓದುಗರನ್ನು ಅಳೆದು ನೋಡಿದಾಗ, ಚೆನ್ನಾಗಿ ಓದುವ ದೊಡ್ಡವರಲ್ಲೂ ನೂರು ನೆಗೆತಕ್ಕೆ ಹತ್ತು ಹದಿನೈದು ಹಿಂದಕ್ಕೇ ಇರುತ್ತವೆ. ಹಿಂದೆ ಹೋಗುವುದು ಓದಿನ ಭಾಗ. ಅದನ್ನೇ ಕಾಯಿಲೆ ಅಂತ ತೋರಿಸಿ ತಾಯಿತಂದೆಯನ್ನು ಹೆದರಿಸುವುದು ದೊಡ್ಡ ಅನ್ಯಾಯ.

ನಿಮ್ಮ ಮಗಳ ಕಣ್ಣು ಇನ್ನೂ ಜಾಸ್ತಿ ಹಿಂದೆ ಹೋಗುತ್ತಿರಬಹುದು, ಒಪ್ಪುತ್ತೇನೆ. ಯಾಕೆ ಅಂತ ನೋಡಿ. ಸಮಾಜ ಪಾಠದಲ್ಲಿ 'ರಾಷ್ಟ್ರಕೂಟರು' ಅಂತ ಬಂತು ಅಂದುಕೊಳ್ಳಿ. ಮಳಖೇಡ ನಮ್ಮ ಜಿಲ್ಲೆಯದೇ, ಆ ಹೆಸರು ಅವಳ ಕಿವಿಗೆ ಬಿದ್ದಿರುತ್ತದೆ. ಆದರೆ ಪುಟದ ಮೇಲೆ 'ಷ್ಟ್ರ' ಕೂತಿದೆ. ಷಕಾರ, ಅದರ ಕೆಳಗೆ ಟ ಒತ್ತು, ಜೊತೆಗೆ ರ ಒತ್ತು. ಬಿಡಿಸಲು ಬಾರದ ಮಗುವಿನ ಕಣ್ಣು ಅಲ್ಲಿ ನಿಂತುಬಿಡುತ್ತದೆ. 'ರಾ'ಗೆ ವಾಪಸ್ ಬರುತ್ತದೆ. ಮತ್ತೆ ಒತ್ತಿನ ಹತ್ತಿರ ಹೋಗುತ್ತದೆ. ತುಟಿ ಅಲ್ಲಾಡುತ್ತಿರುತ್ತದೆ, ದನಿ ಬರುವುದಿಲ್ಲ. ಸೆಂಟರ್‌ನವರು ಕಂಡದ್ದು ಈ ಓಡಾಟವನ್ನು. ಅಕ್ಷರ ಬಿಡಿಸಲು ಆಗದ್ದಕ್ಕೆ ಕಣ್ಣು ಓಡಾಡುತ್ತಿದೆಯೇ ಹೊರತು, ಕಣ್ಣು ಓಡಾಡುವುದರಿಂದ ಓದು ಕೆಟ್ಟಿಲ್ಲ.

ಪರೀಕ್ಷಿಸುವುದು ಸುಲಭ. ಅವಳಿಗೆ ಸಲೀಸಾಗಿ ಓದಲು ಬರುವ ಎರಡನೇ ಕ್ಲಾಸಿನ ಕಥೆ ಕೊಡಿ. ನಿಲುಗಡೆ ಚಿಕ್ಕದಾಗುತ್ತದೆ, ಹಿಂದೆ ಹೋಗುವುದು ಕಮ್ಮಿಯಾಗುತ್ತದೆ. ಡಿಸ್ಲೆಕ್ಸಿಯಾ (ಓದು ಕಲಿಯುವುದರಲ್ಲೇ ಇರುವ ತೊಂದರೆ) ಇರುವ ಮಕ್ಕಳಿಗೂ ಅವರ ಮಟ್ಟದ ಪಾಠ ಕೊಟ್ಟಾಗ ಅವರ ಕಣ್ಣು, ಅದೇ ಮಟ್ಟದಲ್ಲಿ ಓದುವ ಚಿಕ್ಕ ಮಕ್ಕಳ ಕಣ್ಣಿನಂತೆಯೇ ನಡೆಯುತ್ತದೆ ಅಂತ ಸಂಶೋಧನೆಗಳು ತೋರಿಸಿವೆ. ಹೊಲದ ಕ್ರಯಪತ್ರ ಓದುವಾಗ ನಿಮ್ಮ ಕಣ್ಣೂ ಹೀಗೇ ಹಿಂದೆಮುಂದೆ ಮಾಡುತ್ತದೆ. ಕಾಲಿಗೆ ಜಾಲಿಮುಳ್ಳು ಚುಚ್ಚಿಕೊಂಡು ಕುಂಟುವ ಮಗುವಿಗೆ ಮುಳ್ಳು ತೆಗೆಯಬೇಕೋ, ನಡಿಗೆ ಕಲಿಸಬೇಕೋ? ಅಮೆರಿಕದ ಮಕ್ಕಳ ವೈದ್ಯರ ಮತ್ತು ಕಣ್ಣಿನ ವೈದ್ಯರ ಸಂಘಗಳು 2009ರಲ್ಲೇ ಒಟ್ಟಾಗಿ ಹೇಳಿವೆ: ಕಣ್ಣಿನ ವ್ಯಾಯಾಮ, ಬಣ್ಣದ ಗಾಜು ಇವುಗಳಿಂದ ಕಲಿಕೆಯ ತೊಂದರೆ ಸರಿಹೋಗುತ್ತದೆ ಅನ್ನಲು ಗಟ್ಟಿ ಆಧಾರ ಇಲ್ಲ.

ಇನ್ನು 'ಸಾಲು ತಪ್ಪುತ್ತಿದೆ' ಅನ್ನುವ ಮಾತು. ಪುಸ್ತಕ ಕಣ್ಣಿನಿಂದ 40 ಸೆಂಟಿಮೀಟರ್ ದೂರದಲ್ಲಿದ್ದರೆ, ಯಂತ್ರದ ಒಂದು ಡಿಗ್ರಿ ತಪ್ಪು ಪುಟದ ಮೇಲೆ 7 ಮಿಲಿಮೀಟರ್ ಆಗುತ್ತದೆ. ಸಾಲಿಂದ ಸಾಲಿಗೆ ಇರುವ ಅಂತರವೂ ಹೆಚ್ಚುಕಡಿಮೆ ಅಷ್ಟೇ. ಎಲ್ಲ ಸರಿಯಿದ್ದಾಗಲೇ ಇಂಥ ಕನ್ನಡಕಗಳಲ್ಲಿ ಅರ್ಧದಿಂದ ಒಂದು ಡಿಗ್ರಿ ತಪ್ಪು ಇರುತ್ತದೆ. ಮಗುವಿನ ಮೂಗಿನ ಮೇಲೆ ಕನ್ನಡಕ ಸ್ವಲ್ಪ ಜಾರಿದರೆ ಇನ್ನೂ ಜಾಸ್ತಿ. ಹಾಗಾದರೆ ಸಾಲು ತಪ್ಪಿದ್ದು ಯಾರು, ಮಗಳಾ, ಯಂತ್ರವಾ? ಯಂತ್ರ ಹೊಂದಿಸಲು ಮೊದಲು ನೋಡಿಸಿದ ಗುರುತಿನ ಚುಕ್ಕೆಗಳನ್ನು ಓದು ಮುಗಿದ ಮೇಲೆ ಮತ್ತೆ ನೋಡಿಸಿ ತಾಳೆ ಹಾಕಿದ್ದೀರಾ ಅಂತ ಅವರನ್ನು ಕೇಳಿ. ಅವಳು ಕಾಡಿಗೆ ಹಚ್ಚಿದ್ದಳಾ? ಕಣ್ಣಿನ ಪಾಪೆ ಹುಡುಕುವ ಕ್ಯಾಮೆರಾ ಕಪ್ಪು ರೆಪ್ಪೆಯನ್ನೇ ಪಾಪೆ ಅಂದುಕೊಳ್ಳಬಹುದು. ಕಿಟಕಿಯ ಬಿಸಿಲು ಮುಖಕ್ಕೆ ಹೊಡೆಯುತ್ತಿತ್ತಾ? ಯಂತ್ರ ನಂಬಿರುವುದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು, ನಮ್ಮ ಊರಿನ ಬಿಸಿಲಿನಲ್ಲಿ ಅದು ಬೇಕಾದಷ್ಟಿದೆ.

ನೀವು ಮಾಡಬೇಕಾದ್ದು ಇಷ್ಟು. ಮೊದಲು ಕಣ್ಣಿನ ದವಾಖಾನೆಯಲ್ಲಿ ನಂಬರ್ ಚೆಕ್ ಮಾಡಿಸಿ. ಇದನ್ನು ಮುಂದೂಡಬೇಡಿ. ಕಿವಿಯನ್ನೂ ತೋರಿಸಿ. ಹತ್ತಿರದ್ದು ನೋಡುವಾಗ ತಲೆನೋವು ಬರುತ್ತದೆ, ಒಂದು ಎರಡಾಗಿ ಕಾಣುತ್ತದೆ ಅಂದರೆ ಮಾತು ಬೇರೆ. ಅದಕ್ಕೆ ವ್ಯಾಯಾಮ ಇದೆ, ಆದರೆ ಹೇಳಬೇಕಾದವರು ಕಣ್ಣಿನ ಡಾಕ್ಟರ್. ಕಣ್ಣು, ಕಿವಿ ಎರಡೂ ಸರಿಯಿದ್ದರೆ ಅವಳ ಟೀಚರ್ ಜೊತೆ ಕೂತು ಯಾವ ಗುಣಿತ, ಯಾವ ಒತ್ತಕ್ಷರದಲ್ಲಿ ಎಡವುತ್ತಾಳೆ ಅಂತ ಬರೆದುಕೊಳ್ಳಿ. ದಿನಾ ಸ್ವಲ್ಪ ಹೊತ್ತು ಗಟ್ಟಿಯಾಗಿ ಓದಿಸಿ. ತಪ್ಪಿದರೆ ಬೈಯಬೇಡಿ. ಕೆಲವು ತಿಂಗಳಾದರೂ ಹಾಗೇ ಇದ್ದರೆ ಬೆಂಗಳೂರಿನ ನಿಮ್ಹಾನ್ಸ್ ಅಥವಾ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋಗಿ. ದೂರ ನಿಜ. ಆದರೆ ಡಿಸ್ಲೆಕ್ಸಿಯಾದಂಥ ಕಲಿಕಾ ನ್ಯೂನತೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸೇರಿದೆ. ಸರಿಯಾದ ಸರ್ಟಿಫಿಕೇಟ್ ಇದ್ದರೆ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚು ಸಮಯ ಸಿಗುತ್ತದೆ. ಸೆಂಟರ್‌ನ ಬಣ್ಣದ ಪ್ರಿಂಟ್ ಅದಕ್ಕೆ ನಡೆಯುವುದಿಲ್ಲ.

ಮಗ ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ ಓದುತ್ತಾನೆ. ಒಂದು ಬಲದಿಂದ, ಒಂದು ಎಡದಿಂದ. ಕಣ್ಣಿಗೆ ಗೊಂದಲ ಆಗಲ್ವಾ? (ಬೀದರ್)

ಆಗಲ್ಲ. ಕನ್ನಡದಂತೆ ಎಡದಿಂದ ಸಾಗುವ ಇಂಗ್ಲಿಷ್ ಓದುವಾಗ ಕಣ್ಣು ಬಲಗಡೆ ಜಾಸ್ತಿ ದೂರ ಅಕ್ಷರ ಹಿಡಿಯುತ್ತದೆ, ಉರ್ದು ಓದುವಾಗ ಎಡಗಡೆ. ಎರಡೂ ಬಲ್ಲವರಲ್ಲಿ ಇದು ಲಿಪಿಗೆ ತಕ್ಕಂತೆ ತಾನಾಗಿ ಬದಲಾಗುತ್ತದೆ. ಉರ್ದು ಬಿಡಿಸಬೇಡಿ.

ಪಿಎಚ್‌ಡಿಗೆ 50 ಹರ್ಟ್ಸ್‌ನ ಕನ್ನಡಕ ಸಿಕ್ಕಿದೆ. ಕನ್ನಡ ಪತ್ರಿಕೆ ಓದುವಾಗ ಪದಪದಕ್ಕೆ ಎಷ್ಟು ಹೊತ್ತು ಅಂತ ಅಳೆಯಬಹುದಾ? (ಯಾದಗಿರಿ)

ಆಗುವುದಿಲ್ಲ. ಅದು ಚಿತ್ರ ತೆಗೆಯುವುದು ಸೆಕೆಂಡಿಗೆ 50 ಸಲ, ಅಂದರೆ 20 ಮಿಲಿಸೆಕೆಂಡಿಗೊಮ್ಮೆ. ಒಂದು ನೆಗೆತ ಮುಗಿಯುವುದೇ 20ರಿಂದ 40ರಲ್ಲಿ. ಸುದ್ದಿ ಓದಿದರಾ, ಫೋಟೊ ನೋಡಿದರಾ ಅನ್ನುವಂಥ ದೊಡ್ಡ ಪ್ರಶ್ನೆ ಇಟ್ಟುಕೊಳ್ಳಿ. ಪದಗಳೇ ಬೇಕೆಂದರೆ ಗದ್ದ ಊರಿಸಿ ಕೂರಿಸುವ 1000 ಹರ್ಟ್ಸ್ ಯಂತ್ರ ಇರುವ ಲ್ಯಾಬ್ ಹುಡುಕಿ. ಸಾಫ್ಟ್‌ವೇರ್ ಕೊಟ್ಟ, ಎಲ್ಲಿ ಹೆಚ್ಚು ಹೊತ್ತು ನೋಡಿದರು ಅಂತ ತೋರಿಸುವ ಕೆಂಪು ಹಳದಿ ಚಿತ್ರವನ್ನು ಪ್ರಬಂಧಕ್ಕೆ ಅಂಟಿಸಿ ಫಲಿತಾಂಶ ಅನ್ನಬೇಡಿ.

ನಿಮಿಷಕ್ಕೆ ಸಾವಿರ ಪದ ಓದಿಸುವ ಕೋರ್ಸ್ ಹೇಗೆ?

ಪುಟ ತಿರುವುವುದು ಕಲಿಸುತ್ತಾರೆ, ಅರ್ಥ ಆಗುವುದು ಕಮ್ಮಿಯಾಗುತ್ತದೆ.

ಮೊಬೈಲ್‌ನ ಮುಂದಿನ ಕ್ಯಾಮೆರಾದಿಂದ ಡಿಸ್ಲೆಕ್ಸಿಯಾ ಹೇಳುವ ಆ್ಯಪ್?

ಮಗುವಿನ ಮುಖದ ವಿಡಿಯೊ ಯಾರಿಗೋ ಕೊಡಬೇಡಿ. ಇವತ್ತೇ ಡಿಲೀಟ್ ಮಾಡಿ.